ಥೆರಪಿ ಕಲಿಯುವವರಿಗೆ ತೋಟವೇಕೆ ಬೇಕು

ನಿತ್ಯದ ಚಟುವಟಿಕೆಗಳ ಮೂಲಕ ಚೇತರಿಕೆಗೆ ನೆರವಾಗುವ ಆಕ್ಯುಪೇಷನಲ್ ಥೆರಪಿಗೂ ತೋಟಕ್ಕೂ ಇರುವ ನಂಟು ಆ ವೃತ್ತಿಯ ಹೆಸರಿಗಿಂತ ಹಳೆಯದು. ಮಾನಸಿಕ ಕಾಯಿಲೆಗಳ ಕುರಿತು 1812ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಮೆರಿಕದ ವೈದ್ಯ ಬೆಂಜಮಿನ್ ರಷ್, ಸೌದೆ ಕಡಿದು ತೋಟ ಅಗೆದ ರೋಗಿಗಳು ಸುಮ್ಮನೆ ಕೂತ ಉಳ್ಳವರಿಗಿಂತ ಚೆನ್ನಾಗಿ ಚೇತರಿಸಿಕೊಂಡರೆಂದು ಬರೆದ. 1917ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ವೃತ್ತಿಯ ಮೊದಲ ಸಂಘ ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬನಾದ ಜಾರ್ಜ್ ಬಾರ್ಟನ್, ಪಾರ್ಶ್ವವಾಯು ಬಡಿದ ದೇಹವನ್ನು ತೋಟದ ಕೆಲಸ, ಮರಗೆಲಸಗಳಿಂದ ಪಳಗಿಸಿಕೊಂಡಿದ್ದ ವಾಸ್ತುಶಿಲ್ಪಿ. ಭಾರತದಲ್ಲಿ ಕಮಲಾ ನಿಂಬ್ಕರ್ 1950ರಲ್ಲಿ ಮುಂಬಯಿಯಲ್ಲಿ ಈ ಶಿಕ್ಷಣಕ್ಕೆ ಅಡಿಪಾಯ ಹಾಕಿದರು. ಈ ದೀರ್ಘ ಅವಧಿಯಲ್ಲಿ ತೋಟವೆಂದರೆ ಮುಖ್ಯವಾಗಿ ರೋಗಿಗೆ ಕೊಡುವ ಚಟುವಟಿಕೆ. ವೃತ್ತಿಯ ವಿಶ್ವ ಒಕ್ಕೂಟ 2012ರಲ್ಲಿ ಪರಿಸರ ಸುಸ್ಥಿರತೆಯ ಬಗ್ಗೆ ನಿಲುವು ಪ್ರಕಟಿಸಿ, 2018ರ ಮಾರ್ಗಸೂತ್ರಗಳಲ್ಲಿ ಶಿಕ್ಷಣವನ್ನೂ ಸೇರಿಸಿದ ಮೇಲೆ, ವಿದ್ಯಾರ್ಥಿಗಳೇ ಮಣ್ಣಿಗಿಳಿಯುವ ಕಾರ್ಯಾಗಾರಗಳಿಗೆ ಗಟ್ಟಿಯಾದ ಆಧಾರ ಸಿಕ್ಕಿತು.

ವಿದ್ಯಾರ್ಥಿಗಳ ತೋಟದ ಕೆಲಸ ಪಠ್ಯಕ್ಕೆ ಅಂಟಿಸಿದ ಅಲಂಕಾರವಲ್ಲ, ವೃತ್ತಿಯ ತಿರುಳು ಎಂಬುದು ನನ್ನ ವಾದ. ಯಾವುದೇ ಕೆಲಸವನ್ನು ಬಿಡಿಸಿ, ಅದು ಕೈ, ಬೆನ್ನು, ಗಮನ, ನೆನಪುಗಳಿಂದ ಏನನ್ನು ಬೇಡುತ್ತದೆಂದು ಗುರುತಿಸುವುದು ಥೆರಪಿಸ್ಟ್‌ನ ಮೂಲ ವಿದ್ಯೆ. ಒಂದು ಸಸಿ ನಾಟಿ ಮಾಡುವುದನ್ನೇ ನೋಡಿ: ಬೇರು ಮುರಿಯದಂತೆ ಹೆಬ್ಬೆರಳು ತೋರುಬೆರಳಲ್ಲಿ ಹಿಡಿಯಬೇಕು, ಬಾಗಿದಾಗ ಸಮತೋಲ ತಪ್ಪಬಾರದು, ಕುಳಿ, ಸಸಿ, ಮಣ್ಣು, ನೀರು ಎಂಬ ಕ್ರಮ ತಪ್ಪಬಾರದು. ಗಾಲಿಕುರ್ಚಿಯಲ್ಲಿರುವವರಿಗೆ ಪಾತಿಯನ್ನು ಎತ್ತರಿಸಬೇಕು. ಸಂಧಿವಾತದ ಬೆರಳುಗಳಿಗೆ ಕುರ್ಪಿಯ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಬಹುದು. ಸುಸ್ಥಿರತೆಯ ಪಾಠ ಆ ಟ್ಯೂಬಿನಲ್ಲೇ ಇದೆ: ಊರಲ್ಲೇ ಸಿಗುವ, ಮನೆಯವರೇ ರಿಪೇರಿ ಮಾಡಬಲ್ಲ ಸಾಧನ ಬಳಕೆಯಲ್ಲಿ ಉಳಿಯುತ್ತದೆ, ದುಬಾರಿ ಸಾಧನ ಒಮ್ಮೆ ಕೆಟ್ಟರೆ ಮೂಲೆ ಸೇರುತ್ತದೆ.

ತೋಟ ಗುಣಪಡಿಸುತ್ತದೆ ಎಂಬುದಕ್ಕೆ ಪುರಾವೆ ಸಾಲದು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಎಲ್ಲರೂ ಉದ್ಧರಿಸುವ ರೋಜರ್ ಉಲ್ರಿಕ್‌ನ 1984ರ ಅಧ್ಯಯನದಲ್ಲಿದ್ದವರು 46 ರೋಗಿಗಳು. ಅವರಲ್ಲಿ ಅರ್ಧದಷ್ಟು ಜನ ಕಿಟಕಿಯಿಂದ ಮರ ಕಂಡವರು, ಉಳಿದವರು ಇಟ್ಟಿಗೆ ಗೋಡೆ ಕಂಡವರು; ಅಧ್ಯಯನ ನೋಡಿದ್ದು ಕಿಟಕಿಯ ನೋಟವನ್ನೇ ಹೊರತು ತೋಟದ ಕೆಲಸವನ್ನಲ್ಲ. ಆದ್ದರಿಂದ ತೋಟಗಾರಿಕೆಯನ್ನು ಔಷಧವೆಂದು ಮಾರುವುದು ತಪ್ಪು. ಆದರೆ ಚಟುವಟಿಕೆಯ ವಿಶ್ಲೇಷಣೆ ಕಲಿಸಲು ಅದು ಒಳ್ಳೆಯ ಜಾಗ ಎಂಬುದಕ್ಕೆ ಗುಣವಾದವರ ಲೆಕ್ಕ ಬೇಕಿಲ್ಲ. ಇನ್ನೂ ಭಾರವಾದ ಆಕ್ಷೇಪ ಇತಿಹಾಸದ್ದು. ಚಿಕಿತ್ಸೆಯ ಹೆಸರಿನಲ್ಲಿ ಆಸ್ಪತ್ರೆಗಳು ರೋಗಿಗಳಿಂದ ಕೂಲಿಯಿಲ್ಲದೆ ದುಡಿಸಿಕೊಂಡವು. ಅಮೆರಿಕದಲ್ಲಿ ಅಂಥ ದುಡಿಮೆಗೂ ವೇತನ ಕಾನೂನು ಅನ್ವಯಿಸುತ್ತದೆಂದು ನ್ಯಾಯಾಲಯ ಹೇಳಿದ್ದು 1973ರಲ್ಲಿ. ಕರ್ನಾಟಕದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಬೆಂಗಳೂರಿನ ಮನೆಯಂಗಳದಲ್ಲಿ ಗುಲಾಬಿ ಬೆಳೆಸುವವರಿಗೆ ಕಳೆ ಕೀಳುವುದು ಬಿಡುವಿನ ಸಂತೋಷ. ಹೊಟ್ಟೆಪಾಡಿಗಾಗಿ ಬೇರೆಯವರ ಹೊಲದಲ್ಲಿ ಕಳೆ ಕಿತ್ತವರಿಗೆ ಅದು ಬಿಟ್ಟುಬಂದ ಬವಣೆಯಿರಬಹುದು, ಇಲ್ಲವೇ ಮರಳಿ ಗಳಿಸಬೇಕಾದ ಅನ್ನವೂ ಇರಬಹುದು. ಯಾವುದೆಂದು ಕೇಳದೆ ಕೈಗೆ ಗುದ್ದಲಿ ಕೊಡುವುದು ಥೆರಪಿಯಲ್ಲ. ತಾನೇ ಬೆವರು ಸುರಿಸಿದ ವಿದ್ಯಾರ್ಥಿಗೆ ಆ ಪ್ರಶ್ನೆ ಕೇಳಬೇಕೆಂದು ಹೊಳೆಯುವ ಸಾಧ್ಯತೆ ಹೆಚ್ಚು.

ಪಠ್ಯಕ್ರಮದಲ್ಲಿ ಸಮಯವಿಲ್ಲ ಎನ್ನುವವರು ಒಂದು ದಿನದ ಕಾರ್ಯಾಗಾರ ನಡೆಸಿ ಫೋಟೊ ತೆಗೆದು ಮುಗಿಸುತ್ತಾರೆ. ಮೆಂತ್ಯ ಸೊಪ್ಪು ಕೂಡ ಒಂದು ದಿನದಲ್ಲಿ ಬೆಳೆಯುವುದಿಲ್ಲ. ಕಾಲೇಜುಗಳು ಪ್ರತಿ ತಂಡಕ್ಕೆ ಒಂದು ಪಾತಿಯನ್ನು ಒಂದಿಡೀ ಸೆಮಿಸ್ಟರ್ ಬಿಟ್ಟುಕೊಡಲಿ, ಅದಕ್ಕೆ ಅಂಕವನ್ನೂ ಇಡಲಿ.