ಬರಹ ಬಿಟ್ಟದ್ದನ್ನು ಚಿತ್ರ ಹೇಳಿತು

ವಿಡಂಬನೆಯ ಬರಹಕ್ಕೆ ಚಿತ್ರ ಬರೀ ಒಡವೆಯಲ್ಲ. ಎಷ್ಟೋ ಸಲ ಅರ್ಧ ಮಾತನ್ನು ಅದೇ ಆಡುತ್ತದೆ. ಇಂಗ್ಲಿಷಿನ ಥ್ಯಾಕರೆ ಬರೆದ ‘ವ್ಯಾನಿಟಿ ಫೇರ್’ ಕಾದಂಬರಿಯ ಚರಿತ್ರೆ ನೋಡಿದರೆ ಇದು ಗೊತ್ತಾಗುತ್ತದೆ.

ಥ್ಯಾಕರೆ ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ, 1811ರಲ್ಲಿ. ಮೊದಲು ಚಿತ್ರಗಾರನಾಗಬೇಕೆಂದು ಪ್ಯಾರಿಸ್ಸಿನಲ್ಲಿ ಕಲಿತವನು. 1836ರಲ್ಲಿ ಡಿಕನ್ಸನ ‘ಪಿಕ್‌ವಿಕ್’ಗೆ ಚಿತ್ರ ಬರೆಯುತ್ತಿದ್ದ ಕಲಾವಿದ ತೀರಿಕೊಂಡಾಗ ಆ ಕೆಲಸ ಕೇಳಿಕೊಂಡು ಹೋದ, ಸಿಗಲಿಲ್ಲ. ಕಡೆಗೆ ತನ್ನ ಕಾದಂಬರಿಗೆ ತಾನೇ ಚಿತ್ರ ಬರೆದ. 1847ರ ಜನವರಿಯಿಂದ 1848ರ ಜುಲೈವರೆಗೆ ಅದು ಹಳದಿ ಹೊದಿಕೆಯಲ್ಲಿ ತಿಂಗಳಿಗೊಂದು ಕಂತಾಗಿ ಬಂತು. ಕಂತಿಗೆ ಒಂದು ಶಿಲಿಂಗ್. ಆಗ ಮೂರು ಸಂಪುಟದ ಹೊಸ ಕಾದಂಬರಿಗೆ 31 ಶಿಲಿಂಗ್ 6 ಪೆನ್ಸ್ ಕೊಡಬೇಕಾಗಿತ್ತು. ಅಷ್ಟು ದುಡ್ಡು ಒಟ್ಟಿಗೆ ಎತ್ತಿಡಲಾಗದ ಮನೆಯವರೂ ತಿಂಗಳಿಗೊಂದು ಶಿಲಿಂಗ್ ಕೊಟ್ಟು ಕಥೆಯನ್ನೂ ಚಿತ್ರವನ್ನೂ ಮನೆಗೆ ತಂದುಕೊಂಡರು. ಲೇಖನಿ ಮತ್ತು ಪೆನ್ಸಿಲಿನಿಂದ ಬರೆದ ಸಮಾಜದ ಚಿತ್ರಗಳು ಎಂದೇ ಕಂತುಗಳ ಮೇಲೆ ಅಚ್ಚಾಗಿತ್ತು. ಪುಸ್ತಕವಾದಾಗ ಪೆನ್ಸಿಲಿನ ಮಾತು ಹೋಗಿ, ನಾಯಕನಿಲ್ಲದ ಕಾದಂಬರಿ ಎಂದಾಯಿತು.

ನಾಯಕನಿಲ್ಲದಿದ್ದರೂ ಬೆಕಿ ಶಾರ್ಪ್ ಇದ್ದಾಳಲ್ಲ! ಬಡ ಚಿತ್ರಗಾರನ ಮಗಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಫ್ರೆಂಚ್ ಹೇಳಿಕೊಟ್ಟು ಅದಕ್ಕೆ ಬದಲಾಗಿ ಊಟ, ವಸತಿ ಪಡೆದವಳು. ಶಾಲೆ ಬಿಟ್ಟು ಹೊರಡುವ ದಿನ, ಹೆಡ್‌ಮಿಸ್ಟ್ರೆಸ್ ಕೊಡಲೊಪ್ಪದ ನಿಘಂಟನ್ನು ಆಕೆಯ ತಂಗಿ ಕದ್ದು ತಂದು ಕೊಟ್ಟರೆ, ಅದನ್ನು ಗಾಡಿಯ ಕಿಟಕಿಯಿಂದ ಹಿಂದಕ್ಕೆ ಬಿಸಾಡುತ್ತಾಳೆ. ಆಮೇಲೆ ದೊಡ್ಡವರ ಮನೆಯ ಮಕ್ಕಳಿಗೆ ಪಾಠ ಹೇಳುವ ಕೆಲಸ. ಮೇಷ್ಟ್ರ ಕೆಲಸ ಮಾಡುವ ನಮ್ಮಂಥವರಿಗೆ ಅವಳ ಮೇಲೆ ಒಂದು ಚೂರು ಮಮತೆ ಹುಟ್ಟದೆ ಇರುವುದಿಲ್ಲ.

ನಾನು ಬಿ.ಎ.ಗೆ ಓದಿದ ಪ್ರತಿ ಸಣ್ಣ ಅಕ್ಷರದ್ದು. ಒಂದು ಚಿತ್ರವೂ ಇರಲಿಲ್ಲ. ಅದರಲ್ಲಿ ಕಡೆಗೆ, ಹಿಂದೆ ಕಂಪನಿ ಸರ್ಕಾರದಲ್ಲಿ ಕಲೆಕ್ಟರಾಗಿದ್ದ ಜೋಸ್ ಸೆಡ್ಲಿ ಸಾಯುತ್ತಾನೆ. ಅವನ ವಿಮೆಯ ಹಣದಲ್ಲಿ ಬೆಕಿಗೂ ಪಾಲು. ಜನ ಗುಸುಗುಸು ಎನ್ನುತ್ತಾರೆ, ಆದರೆ ಅವಳೇ ಕೊಂದಳೆಂದು ಥ್ಯಾಕರೆ ಎಲ್ಲೂ ಬರೆಯುವುದಿಲ್ಲ. ಎಷ್ಟೋ ವರ್ಷದ ಮೇಲೆ ಬೆಂಗಳೂರಿನಲ್ಲಿ ಪರಿಚಯದವರೊಬ್ಬರ ಮನೆಯಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟ, ಅಂಚಿಗೆ ಚಿನ್ನದ ಬಣ್ಣ ಬಳಿದ ಸಚಿತ್ರ ಆವೃತ್ತಿ ನೋಡಿದೆ. ಥ್ಯಾಕರೆಯ ಚಿತ್ರಗಳೆಲ್ಲ ಅದರಲ್ಲಿದ್ದವು. ಕೊನೆಯ ಭಾಗದ ಒಂದು ಚಿತ್ರದಲ್ಲಿ ಜೋಸ್ ಭಯದಿಂದ ಅಂಗಲಾಚುತ್ತಿದ್ದಾನೆ. ಪರದೆಯ ಹಿಂದೆ ಬೆಕಿ ನಿಂತಿದ್ದಾಳೆ. ಚಿತ್ರದ ಕೆಳಗೆ ಗಂಡನನ್ನು ಕೊಂದ ಗ್ರೀಕ್ ರಾಣಿ ಕ್ಲೈಟೆಮ್ನೆಸ್ಟ್ರಾಳ ಹೆಸರು!

ಎರಡು ದಿನ ನನಗೆ ಅದೇ ಯೋಚನೆ. ಬರವಣಿಗೆಯಲ್ಲಿ ಹೊರಿಸದ ಆರೋಪವನ್ನು ಒಬ್ಬ ಹೆಣ್ಣಿನ ಮೇಲೆ ಚಿತ್ರದಲ್ಲಿ ಹೊರಿಸಬಹುದೇ? ಒಪ್ಪಲಿ ಬಿಡಲಿ, ಓದುವವಳ ಕಣ್ಣಿಗೆ ಅದು ಬೀಳಬೇಕು; ಬಿದ್ದರೆ ತಾನೇ ಜಗಳವಾಡುವುದು? ಒಂದು ಶಿಲಿಂಗ್ ಕೊಟ್ಟವರಿಗೆ ಸಿಕ್ಕಿದ ಚಿತ್ರ, ಸಣ್ಣ ಊರಿನ ವಿದ್ಯಾರ್ಥಿನಿಗೆ ಸಿಗಲಿಲ್ಲ. ಈಗ ಅದು ಗಾಜಿನ ಬೀರುವಿನ ವಸ್ತು.

ಇದು ಪರದೇಶದ ಕಥೆಯಷ್ಟೇ ಅಲ್ಲ. ನಮ್ಮಲ್ಲಿ 1942ರಲ್ಲಿ ‘ರಾಶಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾಕ್ಟರ್ ಎಂ. ಶಿವರಾಂ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆ ಆರಂಭಿಸಿದರು. ನಾ. ಕಸ್ತೂರಿಯವರು ಬರೆದರು, ಟಿ. ಸುನಂದಮ್ಮನವರು ಬರೆದರು. ಹೆಂಗಸರಿಗೆ ಹಾಸ್ಯ ಒಗ್ಗದು ಎನ್ನುವವರಿಗೆ ಸುನಂದಮ್ಮನವರ ಬರಹವೇ ಉತ್ತರ. ಮೈಸೂರಿನ ತರುಣ ಆರ್.ಕೆ. ಲಕ್ಷ್ಮಣ್ ಅದಕ್ಕೆ ವ್ಯಂಗ್ಯಚಿತ್ರ ಬರೆದರು. ಮುಂದೆ 1951ರಿಂದ ಇಂಗ್ಲಿಷ್ ಪತ್ರಿಕೆಯಲ್ಲಿ ಅವರ ಚೌಕಳಿ ಕೋಟಿನ ಶ್ರೀಸಾಮಾನ್ಯ ಬಂದ. ಅವನು ತುಟಿ ಬಿಚ್ಚುವುದಿಲ್ಲ. ಬಾಯಿ ಬಿಟ್ಟು ಮಾತಾಡುವವಳು ಅವನ ಹೆಂಡತಿ. ಗಮನಿಸಿದ್ದೀರಾ? ‘ಕೊರವಂಜಿ’ 1967ರಲ್ಲಿ ನಿಂತಿತು.

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ನಾನು ಪಾಠ ಹೇಳಿದ್ದೇನೆ. ಬೀರೂರು ಜಂಕ್ಷನ್ನಿನಲ್ಲಿ ಗಾಡಿಗೆ ಕಾದ ಗಂಟೆಗಳಿಗೆ ಲೆಕ್ಕವಿಲ್ಲ. ಅಜ್ಜಂಪುರದಲ್ಲಿ ನಮ್ಮ ಪಕ್ಕದ ಮನೆಯವರು ಮಗಳ ಮದುವೆಗೆ ಸುಣ್ಣ ಬಳಿಸುವಾಗ ಅಟ್ಟದಿಂದ ಹಳೆ ಪತ್ರಿಕೆಯ ಗಂಟುಗಳನ್ನು ಇಳಿಸಿದರು. ಒಂದರಲ್ಲಿ ಪೂರ್ತಿ ‘ಕೊರವಂಜಿ’. ಹಳೇ ಪೇಪರಿನವನು ತಕ್ಕಡಿ ಹಿಡಿದು ನಿಂತಿದ್ದ. ಮನೆಯ ಅಜ್ಜಿ ಜಗಲಿಯಲ್ಲಿ ಕೂತು ಒಂದು ಸಂಚಿಕೆ ಬಿಡಿಸಿ, ಚಿತ್ರ ನೋಡಿ ನಗತೊಡಗಿದರು. ಅವರಿಗೆ ಓದು ಬರುತ್ತಿರಲಿಲ್ಲ. “ಇದನ್ನ ನಿಮ್ಮ ತಾತ ಓದಿ ಹೇಳ್ತಿದ್ರು ಕಣಮ್ಮಾ. ಚಿತ್ರ ನೋಡಿದ್ರೆ ಮಾತೆಲ್ಲ ನೆನಪಾಗ್ತದೆ” ಎಂದು ಸೊಸೆಗೆ ಹೇಳಿದರು. ಸೊಸೆ ಆ ಗಂಟನ್ನು ತಕ್ಕಡಿಯಿಂದ ಎತ್ತಿ ಒಳಗಿಟ್ಟಳು. ಉಳಿದವು ಕಿಲೋ ಲೆಕ್ಕದಲ್ಲಿ ಹೋದವು.

ಸಂಗ್ರಹಕಾರರು ಹೆಚ್ಚು ಬೆಲೆ ಕೊಟ್ಟು ಕೊಳ್ಳುವುದು ತಪ್ಪಲ್ಲ. ಅವರಿಂದಲೂ ಎಷ್ಟೋ ಉಳಿದಿದೆ. ಆದರೆ ನಗುವ ಪುಸ್ತಕಗಳು ಬಂದದ್ದು ಅವರಿಗಾಗಿ ಅಲ್ಲ, ಅಡಿಗೆಮನೆ ಜಗಲಿಗಳಿಗಾಗಿ. ಅಟ್ಟ ಗುಡಿಸುವವರೂ, ರದ್ದಿ ತೂಗಿಸುವವರೂ ಸಾಮಾನ್ಯವಾಗಿ ನಾವೇ ಹೆಂಗಸರು. ತೂಕಕ್ಕೆ ಹಾಕುವ ಮುನ್ನ ಗಂಟು ಬಿಚ್ಚಿ ನೋಡೋಣ. ಊರಿನ ಲೈಬ್ರರಿಗೆ ಪುಸ್ತಕ ಕೊಡುವಾಗ ಚಿತ್ರವಿರುವ ಪ್ರತಿಯನ್ನೇ ಕೊಡೋಣ. ಓದು ಬಾರದ ಅಜ್ಜಿಗೂ ಅದರಲ್ಲಿ ಪಾಲಿದೆ.