ಬಟ್ಟೆಯ ಮೇಲೆ ವಾಹಕ ಮುದ್ರಣ

ಬೆಳ್ಳಿ, ಇಂಗಾಲ ಮೊದಲಾದ ವಿದ್ಯುತ್ ವಾಹಕಗಳ ಪುಡಿ ಬೆರೆಸಿದ ಶಾಯಿಯಿಂದ ಗೆರೆಗಳನ್ನು ಮುದ್ರಿಸಿ, ಬಟ್ಟೆಯನ್ನೇ ಸರ್ಕ್ಯೂಟ್ ಆಗಿಸುವ ತಂತ್ರವಿದು. ಎದೆಬಡಿತ ಅಳೆಯುವ ಅಂಗಿ, ಮೈ ಕಾಯಿಸುವ ಜಾಕೆಟ್ಟುಗಳಲ್ಲಿ ತಂತಿಯ ಕೆಲಸವನ್ನು ಈ ಗೆರೆಗಳು ಮಾಡುತ್ತವೆ.

ಮುದ್ರಿಸಿದ ಸರ್ಕ್ಯೂಟು ಬಟ್ಟೆಗೆ ಬರುವ ಮೊದಲೇ ಯುದ್ಧೋಪಕರಣಗಳಿಗಾಗಿ ತಯಾರಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಮಾರ್ಟರ್ ಗುಂಡುಗಳನ್ನು ಗುರಿಯ ಸಮೀಪದಲ್ಲಿ ಸಿಡಿಸುವ ಪ್ರಾಕ್ಸಿಮಿಟಿ ಫ್ಯೂಸಿಗಾಗಿ ಪಿಂಗಾಣಿ ಬಿಲ್ಲೆಯ ಮೇಲೆ ಬೆಳ್ಳಿ ಶಾಯಿಯನ್ನು ಸ್ಕ್ರೀನ್ ಮುದ್ರಣದಿಂದ ಹಚ್ಚಿ ಸುಡುತ್ತಿದ್ದರು. ಆ ಕಾವನ್ನು ಹತ್ತಿಯಾಗಲಿ ಪಾಲಿಯೆಸ್ಟರ್ ಆಗಲಿ ತಾಳಲಾರದು.

ಬಟ್ಟೆಯಲ್ಲಿ ವಿದ್ಯುತ್ ಹರಿಸುವ ಇನ್ನೊಂದು ದಾರಿ ನೇಯ್ಗೆಯಿಂದ ಬಂತು. 1997ರಲ್ಲಿ ಎಂಐಟಿ ಮೀಡಿಯಾ ಲ್ಯಾಬಿನ ರೆಹ್ಮಿ ಪೋಸ್ಟ್ ಮತ್ತು ಮ್ಯಾಗಿ ಆರ್ತ್ ತಮ್ಮ ಪ್ರಯೋಗಕ್ಕೆ ಆರಿಸಿಕೊಂಡದ್ದು ಭಾರತದ ಜರಿ ಆರ್ಗಾಂಜಾ. ಅದರ ಹಾಸಿನಲ್ಲಿ ಬರಿ ರೇಷ್ಮೆ. ಹೊಕ್ಕಿನ ಎಳೆಗಳಿಗೆ ಮಾತ್ರ ತೆಳು ಲೋಹದ ಸುತ್ತು. ಹೀಗಾಗಿ ಹೊಕ್ಕಿನ ಒಂದೊಂದು ಎಳೆಯೂ ಪಕ್ಕದ್ದನ್ನು ಮುಟ್ಟದ ಪ್ರತ್ಯೇಕ ತಂತಿಯಾಯಿತು. ಸೀರೆ ನೇಯುವವರ ಕೈಯಲ್ಲಿ ಬೆಳೆದ ಈ ರಚನೆಗೆ ಇ-ಜವಳಿಯ ಇತಿಹಾಸದಲ್ಲಿ ದೊಡ್ಡ ಸ್ಥಾನ ಸಲ್ಲಬೇಕು. ಆದರೆ ನೇಯ್ದ ತಂತಿ ನೂಲಿನ ದಿಕ್ಕಿನಲ್ಲೇ ಸಾಗಬೇಕು. ಮುದ್ರಿಸಿದ ಗೆರೆ ಬೇಕಾದ ಕಡೆ ತಿರುಗಬಲ್ಲದು. ಮುದ್ರಣದತ್ತ ಗಮನ ಹರಿದದ್ದಕ್ಕೆ ಇದೊಂದು ಮುಖ್ಯ ಕಾರಣ.

ಬೆಳ್ಳಿ ಕರಗುವುದು 961 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಟ್ಟೆಗೆ ಬಳಸುವ ಶಾಯಿಯಲ್ಲಿ ಅದನ್ನು ಕರಗಿಸುವ ಪ್ರಮೇಯವೇ ಇಲ್ಲ. ಪಾಲಿಮರ್ ಅಂಟಿನಲ್ಲಿ ಬೆಳ್ಳಿಯ ಸೂಕ್ಷ್ಮ ಚಕ್ಕೆಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ತಾಗಿ ಕೂರುತ್ತವೆ. ಸುಮಾರು 120ರಿಂದ 150 ಡಿಗ್ರಿಯಲ್ಲಿ ಅಂಟು ಗಟ್ಟಿಯಾದರೆ ಗೆರೆ ಸಿದ್ಧ. ತೊಡಕಿದ್ದದ್ದು ಬಟ್ಟೆಯ ಮೈಯಲ್ಲಿ. ನೂಲುಗಳ ನಡುವಿನ ಸಂದಿಗೆ ಶಾಯಿ ಇಳಿದುಹೋಗಿ, ಎದ್ದುನಿಂತ ನವಿರೆಳೆಗಳ ಬಳಿ ಗೆರೆ ಕಡಿಯುತ್ತಿತ್ತು. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಬೀಬಿ ಅವರ ತಂಡ ಮೊದಲು ಪಾಲಿಯುರೆಥೇನ್ ಪದರವೊಂದನ್ನು ಮುದ್ರಿಸಿ, ಅದರ ಮೇಲೆ ಬೆಳ್ಳಿ ಗೆರೆ ಎಳೆದು, ಮೇಲೆ ಮತ್ತೊಂದು ರಕ್ಷಾಪದರ ಹೊದಿಸಿತು. ಗೆರೆ ಇರುವಲ್ಲಷ್ಟೇ ಪದರವಿರುವುದರಿಂದ ಉಳಿದ ಬಟ್ಟೆ ಗಾಳಿಯಾಡುತ್ತದೆ, ಮೆತ್ತಗೂ ಇರುತ್ತದೆ.

ಎಳೆದಾಗ ಬಿರಿಯುವ ಸಮಸ್ಯೆ ಆಮೇಲೂ ಉಳಿದಿತ್ತು. 2015ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ತಕಾವೊ ಸೊಮೆಯಾ ಅವರ ತಂಡ ಬೆಳ್ಳಿ ಚಕ್ಕೆ, ಫ್ಲೋರಿನ್ ರಬ್ಬರ್ ಮತ್ತು ಫ್ಲೋರಿನ್‌ಯುಕ್ತ ಸರ್ಫ್ಯಾಕ್ಟಂಟ್ ಬೆರೆಸಿದ ಶಾಯಿಯನ್ನು ಪ್ರಕಟಿಸಿತು. ಅದರ ವಾಹಕತೆ ಸೆಂಟಿಮೀಟರಿಗೆ 738 ಸೀಮೆನ್ಸ್. ಮೂಲ ಉದ್ದದ ಶೇ. 215ರಷ್ಟು ಹಿಗ್ಗಿದಾಗಲೂ 182 ಉಳಿಯುತ್ತಿತ್ತು. 2017ರಲ್ಲಿ ಕೇಂಬ್ರಿಜ್‌ನ ಫೆಲಿಚೆ ಟೊರಿಸಿ ಮತ್ತು ಸಂಗಡಿಗರು ಗ್ರಾಫೀನ್ ಶಾಯಿಯನ್ನು ಇಂಕ್‌ಜೆಟ್ಟಿನಿಂದ ಪಾಲಿಯೆಸ್ಟರ್ ಮೇಲೆ ಮುದ್ರಿಸಿ, ವಾಷಿಂಗ್ ಮಷೀನಿನ 20 ಒಗೆತ ತಾಳುವ ಸಾಧನಗಳನ್ನು ತೋರಿಸಿದರು. 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡದವರು ತೊಟ್ಟ ರಾಲ್ಫ್ ಲಾರೆನ್ ಜಾಕೆಟ್ಟಿನ ಒಳಮೈಗೆ ಇಂಗಾಲ ಮತ್ತು ಬೆಳ್ಳಿ ಶಾಯಿಯ ಹೀಟರನ್ನು ಅವರ ಧ್ವಜದ ಆಕಾರದಲ್ಲಿ ಅಂಟಿಸಲಾಗಿತ್ತು.

ಮೆತ್ತನೆಯ ಗೆರೆ ಗಡುಸಾದ ಚಿಪ್ಪನ್ನು ಸೇರುವ ಬೆಸುಗೆ ಒಗೆತದಲ್ಲಿ ಬಿಟ್ಟುಕೊಳ್ಳುವುದು, ಹಳೆಯ ಬಟ್ಟೆಯಿಂದ ಬೆಳ್ಳಿಯನ್ನು ಬೇರ್ಪಡಿಸುವುದು ಇಂದಿಗೂ ಸಂಶೋಧನೆಯ ವಿಷಯಗಳಾಗಿವೆ.