ಕೊಳೆಯದ ಎಲೆಯ ಕಥೆ

ಕರಿಕೆಯ ತೋಟದಲ್ಲಿ ಬಿದ್ದ ತರಗೆಲೆ ಒಂದೆರಡು ಮಳೆಗಾಲದಲ್ಲಿ ಕರಗಿ ಮಣ್ಣಾಗುತ್ತದೆ. ಅದೇ ಎಲೆ ಸದಾ ನೀರು ನಿಂತ ಕೆಸರಿನ ತಳ ಸೇರಿದರೆ ಬೇಗ ಕೊಳೆಯುವುದಿಲ್ಲ. ಯಾಕೆ? ಕೊಳೆಸುವ ಸೂಕ್ಷ್ಮಜೀವಿಗಳಿಗೆ ಗಾಳಿ ಬೇಕು. ನಿಂತ ನೀರಿನಡಿ ಗಾಳಿ ಸಾಲದು. ಗೊಬ್ಬರದ ಗುಂಡಿಯಲ್ಲಿ ನೀರು ನಿಂತರೆ ಗೊಬ್ಬರ ಹದವಾಗುವುದಿಲ್ಲವಲ್ಲ, ಹಾಗೆಯೇ ಇದು. ಹೀಗೆ ಅರೆಗೊಳೆತ ಸಸ್ಯಗಳು ಪದರ ಪದರವಾಗಿ ಕೂಡಿ ಆಗುವ ಕಪ್ಪು ಮಣ್ಣಿಗೆ ಪೀಟ್ ಎನ್ನುತ್ತಾರೆ. ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆದರೆ ಅದೇ ದೊಡ್ಡದು. ಅಂದರೆ ಒಂದು ಮೀಟರಿಗೆ ಸಾವಿರ ವರ್ಷ!

ಐರ್ಲೆಂಡ್ ದೇಶದಲ್ಲಿ ಸುಮಾರು 10,000 ವರ್ಷಗಳ ಹಿಂದೆ, ಹಿಮಯುಗ ಮುಗಿದ ಮೇಲೆ, ತಗ್ಗುಗಳಲ್ಲಿ ಕೆರೆಗಳಿದ್ದವು. ಅಂಚಿನಿಂದ ಜೊಂಡು ಬೆಳೆದು ಕೆರೆ ತುಂಬಿತು. ಅದರ ಮೇಲೆ ಸ್ಫ್ಯಾಗ್ನಮ್ ಎಂಬ ಹಾವಸೆ ಹರಡಿತು. ಅದು ಮಳೆನೀರನ್ನು ಹೀರಿ ಹಿಡಿದಿಟ್ಟುಕೊಂಡು ಬೆಳೆಯುತ್ತಾ, ಬೋರಲಿಟ್ಟ ತಟ್ಟೆಯಂತೆ ಸುತ್ತಲ ನೆಲಕ್ಕಿಂತ ಎತ್ತರವಾಯಿತು. ಈ ಉಬ್ಬು ಜವುಗಿಗೆ ಹಳ್ಳದ ನೀರು ತಲುಪದು, ಮಳೆಯೇ ಆಧಾರ.

ಕರಿಕೆಯಲ್ಲಿ ಮಳೆಗೇನು ಕಡಿಮೆ ಎಂದು ನೀವು ಕೇಳಬಹುದು. ಆದರೆ ಇಳಿಜಾರಿನಲ್ಲಿ ನೀರು ನಿಲ್ಲದು. ಬೇಸಿಗೆಯಲ್ಲಿ ನೆಲ ಒಣಗಿ, ಬಿಸಿಗೆ ಎಲೆಯೆಲ್ಲಾ ಕೊಳೆತು ಹೋಗುತ್ತದೆ. ನಮ್ಮ ಕಡೆಯ ಹೆಸರಾಂತ ಪೀಟ್ ಇರುವುದು ಬಡಗರ ಹಟ್ಟಿಗಳ ನೀಲಗಿರಿಯಲ್ಲಿ, 2,000 ಮೀಟರಿಗೂ ಎತ್ತರದ ತಂಪು ಕಣಿವೆಗಳಲ್ಲಿ. ಅದು ಉಬ್ಬು ಜವುಗಲ್ಲ, ತಗ್ಗಿನ ಜವುಗು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಆ ಪೀಟಿನ ಇಂಗಾಲವನ್ನು ಪರೀಕ್ಷಿಸಿ, 1993ರಲ್ಲಿ ಸುಮಾರು 20,000 ವರ್ಷಗಳ ಹವೆಯ ಚರಿತ್ರೆ ಪ್ರಕಟಿಸಿದರು. ಸುಮಾರು 18,000 ವರ್ಷಗಳ ಹಿಂದೆ ಒಣಹವೆ. 9,000 ವರ್ಷಗಳ ಹಿಂದೆ ಹೇರಳ ಮಳೆ. ಯಾರೂ ಬರೆದಿಡದ ಲೆಕ್ಕವನ್ನು ಕೆಸರು ಕಾಪಾಡಿತ್ತು ನೋಡಿ!

ಇಂಥ ನೆಲಕ್ಕೆ ಬಸಿಗಾಲುವೆ ತೋಡಿದರೆ ಗಾಳಿ ಒಳಹೊಗುತ್ತದೆ. ಆಗ ಕೂಡಿಟ್ಟದ್ದೆಲ್ಲಾ ಕೊಳೆಯುತ್ತದೆ, ನೆಲ ಕುಸಿಯುತ್ತದೆ. ಒಣಗಿದ ಪೀಟಿಗೆ ಬೆಂಕಿಯೂ ಹತ್ತುತ್ತದೆ. ಐರ್ಲೆಂಡಿನವರು ಅದನ್ನು ಕಡಿದು ಒಣಗಿಸಿ ಸೌದೆಯಂತೆ ಸುಟ್ಟರು. ಅಲ್ಲಿನ ಸರ್ಕಾರಿ ಪೀಟ್ ಸಂಸ್ಥೆಯೇ ಕೊನೆಗೆ 2021ರಲ್ಲಿ ಪೀಟ್ ತೆಗೆಯುವುದನ್ನು ಕೈಬಿಟ್ಟಿತು.

ನಮ್ಮೂರಲ್ಲಿ ಉಬ್ಬು ಜವುಗು ಇಲ್ಲದಿದ್ದರೂ ಪಾಠ ಒಂದೇ. ಕೊಡಗಿನ ಹಡ್ಲುಗಳೂ ಬೈಲುಗದ್ದೆಗಳೂ ಮಳೆನೀರನ್ನು ತಡೆದು ನೆಲಕ್ಕೆ ಇಂಗಿಸುತ್ತವೆ. ಗದ್ದೆಯ ನೀರು ಬಸಿದು ತೋಟ ಮಾಡುವ ಯೋಚನೆಯಿದ್ದರೆ, ಮೊದಲು ಕೆಳಗಿನ ಮನೆಯವರ ಬಾವಿಯನ್ನು ನೆನೆಯಿರಿ. ಕಾಲುವೆ ತೋಡುವುದು ನಾಲ್ಕು ದಿನದ ಕೆಲಸ. ಕಳೆದುಕೊಂಡ ಕಪ್ಪು ಮಣ್ಣು ಮೊಮ್ಮಕ್ಕಳ ಕಾಲಕ್ಕೂ ಮರಳಿ ಬಾರದು.